ಓದುಗನು ಯಂತ್ರವಾದಾಗ

ಬರೆಯುವವನು ತನ್ನ ಓದುಗನನ್ನು ಅರಿತಿರಬೇಕು. ರಾಜೂರಿನ ತರುಣನೊಬ್ಬನು, ಜಾಲತಾಣಗಳ ಪುಟಗಳನ್ನೆಲ್ಲ ಸುತ್ತಿ ಮುರಿದ ಕೊಂಡಿಗಳನ್ನೂ ಶೀರ್ಷಿಕೆಯಿಲ್ಲದ ಪುಟಗಳನ್ನೂ ಎತ್ತಿ ತೋರಿಸುವ ತಂತ್ರಾಂಶವೊಂದಕ್ಕೆ ಕೈಪಿಡಿಯನ್ನು ಬರೆಯುತ್ತಲಿದ್ದನು. ಅದನ್ನು ಓದತಕ್ಕವನು ಮನುಷ್ಯನಲ್ಲ. ಕೃತಕ ಬುದ್ಧಿಯ ಯಂತ್ರವು.

1994ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬವರು ಸೂಚಿಸಿದ, ತಾಣದ ಬಾಗಿಲಲ್ಲಿ ಇಂಥ ಯಂತ್ರಗಳಿಗೆ ‘ಇಲ್ಲಿ ಬಾ, ಅಲ್ಲಿ ಬೇಡ’ ಎನ್ನುವ ರೋಬಾಟ್ಸ್ ಕಡತವನ್ನು ಮೊದಲು ಓದತಕ್ಕದ್ದೆಂದು ಅವನು ಬರೆದನು. ‘ದೋಷ ಕಂಡಲ್ಲಿ ತಿದ್ದು’ ಎಂದು ಬರೆಯುವಾಗ ಮಾತ್ರ ಕೈ ತಡೆಯಿತು. ಒಂದು ಪುಟದಲ್ಲಿ ರಾಜೂರ, ಇನ್ನೊಂದರಲ್ಲಿ ರಾಜೂರು. ಊರವರಿಗೆ ಎರಡೂ ಒಂದೇ, ಯಂತ್ರಕ್ಕೆ ಒಂದು ತಪ್ಪಾಗಿ ಕಾಣಬಹುದು. ಕೇಳದೆ ಅಳಿಸಿದರೆ ಹಿರಿಯರು ಬರೆದ ಹೆಸರೇ ಹೋದೀತು.

ಅವನು ಆ ಸಾಲನ್ನು ತೆಗೆದು, ‘ತೋರಿಸು, ತಿದ್ದುವ ಮೊದಲು ತಾಣದವರನ್ನು ಕೇಳು’ ಎಂದು ಬರೆದನು. ಬಲ್ಲವನಿಗೆ ಬಿಡಬಹುದಾದ ಮಾತನ್ನು ಯಂತ್ರಕ್ಕೆ ಬರೆದೇ ತೀರಬೇಕಾಗುವದು.