ಒಡೆದ ಚೂರುಗಳ ಗೋಪುರ, ಒಂದು "ಮೆಸೇಜ್!"

"ಅಮ್ಮಾ, ಲಾಸ್ ಏಂಜಲೀಸ್‌ನಲ್ಲಿ ಹಾಲಿವುಡ್ ಇದೆ, ಸಮುದ್ರ ಇದೆ. ನಿನಗೆ ಸೌತ್ ಸೆಂಟ್ರಲ್ಲೇ ಬೇಕಾ? ಸಿನಿಮಾಗಳಲ್ಲಿ ನೋಡಿಲ್ವಾ ಅಲ್ಲಿ ಏನೇನು ಆಗುತ್ತೆ ಅಂತ?" ಮಗಳು ಹುಬ್ಬು ಗಂಟಿಕ್ಕಿದಳು.

ನಾನು ಆ ಸಿನಿಮಾ ಒಂದನ್ನೂ ನೋಡಿರಲಿಲ್ಲ. ನೋಡಿದ್ದು ಒಂದು ಫೋಟೊ ಮಾತ್ರ: ಒಡೆದ ತಟ್ಟೆ, ಬಾಟಲಿ ಚೂರುಗಳನ್ನು ಅಂಟಿಸಿ ಕಟ್ಟಿದ ಎತ್ತರದ ಗೋಪುರಗಳು. ಬಳೆಚೂರು ಕೂಡಿಟ್ಟು ಆಡಿ ಬೆಳೆದವಳು ನಾನು. ಅದನ್ನು ನೋಡದೆ ಊರಿಗೆ ಮರಳುವುದು ಹೇಗೆ? ಅಳಿಯ ನನ್ನ ಪಕ್ಷ ವಹಿಸಿದರು. ಶನಿವಾರ ಬೆಳಿಗ್ಗೆ ಅಳಿಯ, ಹತ್ತು ವರ್ಷದ ಮೊಮ್ಮಗ, ನಾನು ನಗರದ ನಡುವಿನಿಂದ ದಕ್ಷಿಣಕ್ಕೆ ಹೋಗುವ 'ಎ ಲೈನ್' ರೈಲು ಹತ್ತಿದೆವು.

"ಸಿನಿಮಾಗಳಲ್ಲಿ ಅಂಥದ್ದೇನಿದೆ?" ಎಂದು ಕೇಳಿದೆ. ಅಳಿಯ ಕಥೆ ಶುರು ಮಾಡಿದರು.

ಜಾನ್ ಸಿಂಗಲ್ಟನ್ ಇದೇ ಪ್ರದೇಶದಲ್ಲಿ ಬೆಳೆದ ಹುಡುಗ. ಇಲ್ಲಿನ ಹುಡುಗರು ದೊಡ್ಡವರಾಗುವ ಕಷ್ಟವನ್ನು 1991ರಲ್ಲಿ 'ಬಾಯ್ಸ್ ಇನ್ ದ ಹುಡ್' ಎಂಬ ಸಿನಿಮಾ ಮಾಡಿ ತೋರಿಸಿದ. ಇಪ್ಪತ್ತನಾಲ್ಕನೆಯ ವಯಸ್ಸಿಗೇ ಆಸ್ಕರ್‌ನ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಗೆ ಅವನ ಹೆಸರು ಸೂಚಿತವಾಯಿತು. ಆ ಗೌರವ ಪಡೆದ ಮೊದಲ ಕಪ್ಪುವರ್ಣೀಯ ಅವನೇ. ಸಿನಿಮಾ ಗೆದ್ದಮೇಲೆ ಕೇಳಬೇಕೆ? ಅದೇ ಅಚ್ಚಿನಲ್ಲಿ ಒಂದರ ಹಿಂದೊಂದು ಬಂದವು. ಒಬ್ಬ ಒಳ್ಳೆಯ ಹುಡುಗ, ಒಬ್ಬ ಪುಂಡ ಗೆಳೆಯ, ಬುದ್ಧಿ ಹೇಳುವ ಅಪ್ಪ, ಕೊನೆಗೆ ಗುಂಡಿನ ಸದ್ದು.

ಆಗ ನಗೆಗಾರರಾದ ವೇಯನ್ಸ್ ಸಹೋದರರು ಇವೆಲ್ಲವನ್ನೂ ಅಣಕಿಸಿ 1996ರಲ್ಲಿ ಒಂದು ಸಿನಿಮಾ ತಂದರು. ಅದರ ಹೆಸರೇ ಒಂದು ರೈಲು: 'ಡೋಂಟ್ ಬಿ ಎ ಮೆನೇಸ್ ಟು ಸೌತ್ ಸೆಂಟ್ರಲ್ ವೈಲ್ ಡ್ರಿಂಕಿಂಗ್ ಯುವರ್ ಜ್ಯೂಸ್ ಇನ್ ದ ಹುಡ್'. ಹಳೆಯ ನಾಲ್ಕು ಸಿನಿಮಾಗಳ ಹೆಸರಿನ ತುಂಡುಗಳನ್ನು ಹೊಲಿದು ಮಾಡಿದ ಕೌದಿ ಅದು! ಬುದ್ಧಿ ಹೇಳುವ ಅಪ್ಪ ಅದರಲ್ಲೂ ಇದ್ದಾನೆ. ಆದರೆ ಅವನಿಗೂ ಮಗನಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಪುಂಡರನ್ನೂ ಮೀರಿಸುವ ಬಾಯಿಯ ಅಜ್ಜಿಯೊಬ್ಬಳಿದ್ದಾಳೆ. ಯಾರಾದರೂ ದೊಡ್ಡ ನೀತಿಯ ಮಾತು ಆಡಿದರೆ ಸಾಕು, ಎಲ್ಲಿಂದಲೋ ಒಬ್ಬ ಅಂಚೆಯವನು ಪ್ರತ್ಯಕ್ಷನಾಗಿ "ಮೆಸೇಜ್!" ಎಂದು ಕಿರುಚಿ ಹೋಗುತ್ತಾನೆ.

ಮೊಮ್ಮಗ ಬಿದ್ದು ಬಿದ್ದು ನಕ್ಕ. "ಅಜ್ಜಿ, ನಿನ್ನ ಕಥೆಗಳ ಕೊನೆಗೂ ಬರುತ್ತಲ್ಲಾ, 'ಈ ಕಥೆಯ ನೀತಿ' ಅಂತ!" ಎಂದ. "ಮನೆಯಲ್ಲಿ ಆ ಸಿನಿಮಾ ಹಾಕು ಅಂತ ಹಟ ಮಾಡಬೇಡ. ಬೈಗುಳವೇ ಜಾಸ್ತಿ, ಅದು ದೊಡ್ಡವರಿಗೆ ಮಾತ್ರ" ಎಂದರು ಅಳಿಯ.

ಕಿಟಕಿಯಾಚೆ ನೋಡುತ್ತಿದ್ದೆ. ಸಾಲಾಗಿ ಒಂದಂತಸ್ತಿನ ಮನೆಗಳು, ಮುಂದೆ ಅಂಗೈಯಗಲ ಹುಲ್ಲು, ಅಲ್ಲಲ್ಲಿ ಆಕಾಶ ಗುಡಿಸುವ ಪೊರಕೆಯಂಥ ತಾಳೆಮರ. ಸಿನಿಮಾ ತೋರಿಸಿದ ನೋವು ಸುಳ್ಳಲ್ಲ. ಒಂದು ಕಾಲದಲ್ಲಿ ನಗರದ ಬೇರೆಡೆ ಕಪ್ಪುವರ್ಣೀಯರಿಗೆ ಮನೆ ಮಾರಬಾರದೆಂದು ಕರಾರುಪತ್ರಗಳಲ್ಲೇ ಬರೆದಿರುತ್ತಿತ್ತು. ಹಾಗಾಗಿ ಅವರೆಲ್ಲ ಈ ಭಾಗದಲ್ಲೇ ಇಕ್ಕಟ್ಟಾಗಿ ನೆಲೆಸಿದರು. ಮುಂದೆ ಕಾರ್ಖಾನೆಗಳು ಮುಚ್ಚಿದವು, ಕೆಲಸ ಹೋಯಿತು. 1965ರಲ್ಲೂ 1992ರಲ್ಲೂ ಸಿಟ್ಟು ಬೆಂಕಿಯಾಗಿ ಬೀದಿಗಿಳಿಯಿತು. 'ಸೌತ್ ಸೆಂಟ್ರಲ್' ಎಂದರೆ ಜನ ಬೆಚ್ಚುವಂತಾಗಿ, 2003ರಲ್ಲಿ ನಗರಸಭೆ ಈ ಪ್ರದೇಶದ ಹೆಸರನ್ನೇ 'ಸೌತ್ ಲಾಸ್ ಏಂಜಲೀಸ್' ಎಂದು ಬದಲಿಸಿತು. ಆದರೂ ನನ್ನ ಮಗಳ ಬಾಯಲ್ಲಿ ಬಂದದ್ದು ಹಳೆಯ ಹೆಸರೇ.

103ನೇ ಬೀದಿಯ ನಿಲ್ದಾಣದಲ್ಲಿ ಇಳಿದು ನಡೆದೆವು. ಬೀದಿ ತಿರುಗುತ್ತಲೇ ಮನೆಗಳ ಮೇಲಿಂದ ತಲೆಯೆತ್ತಿದವು ವಾಟ್ಸ್ ಗೋಪುರಗಳು! ಹತ್ತಿರ ಹೋದಂತೆ ಒಂದೊಂದೇ ಚೂರು ಹೊಳೆಯತೊಡಗಿತು: ನೀಲಿ ಹೂವಿನ ತಟ್ಟೆ, ಕಪ್ಪೆಚಿಪ್ಪು, ಟೈಲ್ಸು, ಸೆವೆನ್ ಅಪ್ ಬಾಟಲಿಯ ಹಸಿರು ಗಾಜು.

ಇದನ್ನು ಕಟ್ಟಿದವನು ಸೈಮನ್ ರೋಡಿಯಾ. ಇಟಲಿಯಿಂದ ಬಂದ ಬಡ ಕೂಲಿಗಾರ, ಐದಡಿಗೂ ಕಡಿಮೆ ಎತ್ತರದ ಆಳು. 1921ರಲ್ಲಿ ಶುರುಮಾಡಿ 33 ವರ್ಷ, ಕೆಲಸ ಮುಗಿಸಿ ಬಂದ ಮೇಲೆ ಒಬ್ಬನೇ ಕಟ್ಟಿದ. ನಟ್ಟು ಬೋಲ್ಟಿಲ್ಲ, ವೆಲ್ಡಿಂಗ್ ಇಲ್ಲ. ಕಬ್ಬಿಣದ ಸರಳುಗಳನ್ನು ಪಕ್ಕದ ರೈಲುಹಳಿಗೆ ಸಿಕ್ಕಿಸಿ ಬಗ್ಗಿಸುತ್ತಿದ್ದ. ತಂತಿ ಸುತ್ತಿ, ಸಿಮೆಂಟ್ ಗಾರೆ ಮೆತ್ತಿ, ಚೂರು ಅಂಟಿಸುತ್ತಿದ್ದ. ಬೀದಿಯ ಮಕ್ಕಳೂ ಒಡೆದ ಪಿಂಗಾಣಿ ಆಯ್ದು ತಂದುಕೊಡುತ್ತಿದ್ದರು. ಒಟ್ಟು 17 ರಚನೆಗಳು. ಎಲ್ಲಕ್ಕಿಂತ ಎತ್ತರದ್ದು ಸುಮಾರು 30 ಮೀಟರ್. ಅವನು ಇದಕ್ಕಿಟ್ಟ ಹೆಸರು 'ನುಯೆಸ್ತ್ರೊ ಪುಯೆಬ್ಲೊ'. ಸ್ಪ್ಯಾನಿಷ್‌ನಲ್ಲಿ 'ನಮ್ಮ ಊರು' ಎಂದರ್ಥ. ಕಟ್ಟಿ ಮುಗಿಸಿ, ಜಾಗವನ್ನು ನೆರೆಯವನಿಗೆ ಕೊಟ್ಟು ಹೊರಟುಹೋದ.

ಬಳಿಕ ನಗರದ ಅಧಿಕಾರಿಗಳು "ಇದು ಅಪಾಯಕಾರಿ, ಕೆಡವಿ" ಎಂದರು. ಸಿನಿಮಾ ಕಲಿಯುತ್ತಿದ್ದ ಒಬ್ಬ ತರುಣ, ಒಬ್ಬ ನಟ ಸೇರಿ 3,000 ಡಾಲರಿಗೆ ಜಾಗ ಕೊಂಡು ಗೋಪುರಗಳ ಪರ ನಿಂತರು. 1959ರಲ್ಲಿ ಪರೀಕ್ಷೆ ನಡೆಯಿತು. ಕ್ರೇನು ಸುಮಾರು 4,500 ಕಿಲೊ ಬಲದಿಂದ ಗೋಪುರವನ್ನು ಎಳೆಯಿತು. ಗೋಪುರ ಬಗ್ಗಲಿಲ್ಲ, ಬಗ್ಗಿದ್ದು ಕ್ರೇನಿನ ತೊಲೆ!

"ಹಾಗಾದ್ರೆ ಸಿನಿಮಾದವರು ಇಲ್ಲಿ ಒಳ್ಳೇದೂ ಮಾಡಿದಾರೆ" ಎಂದ ಮೊಮ್ಮಗ.

ಮರಳುವ ದಾರಿಯಲ್ಲಿ ಇನ್ನೊಂದು ಮನೆಗೆ ಹೋದೆವು. ಈಸ್ಟ್ 40ನೇ ಪ್ಲೇಸ್ ಎಂಬ ಸಣ್ಣ ಬೀದಿಯಲ್ಲಿರುವ ಚಿಕ್ಕ ಮರದ ಮನೆ. ತಾಯಿ ತೀರಿಕೊಂಡ ಮೇಲೆ ರಾಲ್ಫ್ ಬಂಚ್ ಎಂಬ ಹುಡುಗ ಇಲ್ಲಿ ಅಜ್ಜಿ ಲೂಸಿ ಜಾನ್ಸನ್ ಅವರ ಆರೈಕೆಯಲ್ಲಿ ಬೆಳೆದ. ಶಾಲೆಯವರು ಅವನನ್ನು ಕೈಕಸುಬಿನ ತರಗತಿಗೆ ಹಾಕಿದಾಗ ಅಜ್ಜಿ ಒಪ್ಪಲಿಲ್ಲ. ತನ್ನ ಮೊಮ್ಮಗ ಕಾಲೇಜು ಓದುವವನು, ಅದಕ್ಕೆ ತಕ್ಕ ಪಾಠ ಹೇಳಿಕೊಡಿ ಎಂದು ಪಟ್ಟುಹಿಡಿದರು. ಹುಡುಗ 1922ರಲ್ಲಿ ಜೆಫರ್ಸನ್ ಹೈಸ್ಕೂಲಿನಿಂದ ತರಗತಿಗೇ ಮೊದಲಿಗನಾಗಿ ಹೊರಬಂದ. ಮುಂದೆ ವಿಶ್ವಸಂಸ್ಥೆಯ ಪರವಾಗಿ ಅರಬ್ಬರಿಗೂ ಇಸ್ರೇಲಿಗೂ ಕದನವಿರಾಮ ಮಾಡಿಸಿ, 1950ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ. ನೊಬೆಲ್ ಗಳಿಸಿದ ಮೊದಲ ಕಪ್ಪುವರ್ಣೀಯ ಈ ಬೀದಿಯ ಹುಡುಗ!

ಮನೆಯೆದುರು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ನಗಿಸುವ ಸಿನಿಮಾದಲ್ಲಿ ಒಬ್ಬ ಅಜ್ಜಿ, ನಿಜದ ಬೀದಿಯಲ್ಲಿ ಒಬ್ಬ ಅಜ್ಜಿ. ಮೊಮ್ಮಗನ ಕೈಹಿಡಿದು ಶಾಲೆಯ ಬಾಗಿಲಿಗೆ ಹೋಗಿ ನಿಂತ ಆ ಹೆಂಗಸಿನ ಎದೆಬಡಿತ ನನಗೆ ಕೇಳಿಸಿದಂತಾಯಿತು.

ವಾಪಸು ರೈಲಿನಲ್ಲಿ ಗಂಟಲು ಸರಿಮಾಡಿಕೊಂಡೆ. "ನೋಡು ಪುಟ್ಟಾ, ಒಂದು ಊರನ್ನ ಬರೀ ಸಿನಿಮಾ ನೋಡಿ ಅಳೀಬಾರದು. ಇವತ್ತು ನಾವು ತಿಳ್ಕೊಂಡಿದ್ದು ಏನಪ್ಪಾ ಅಂದ್ರೆ..."

"ಮೆಸೇಜ್!" ಅಪ್ಪ ಮಗ ಒಟ್ಟಿಗೇ ಕೂಗಿದರು.

ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎದುರು ಸೀಟಿನ ಕಪ್ಪುವರ್ಣೀಯ ಅಜ್ಜಿಯೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸಿನಿಮಾ ಅವರೂ ನೋಡಿದ್ದರೋ ಏನೋ! ಅವರ ಪಕ್ಕದಲ್ಲಿ, ಮಡಿಲ ಮೇಲೆ ಶಾಲೆಯ ಚೀಲ ಇಟ್ಟುಕೊಂಡ ಮೊಮ್ಮಗ, ಅಜ್ಜಿಗೆ ಏನಾಯಿತೆಂದು ತಿಳಿಯದೆ ಕಣ್ಣರಳಿಸಿ ಕೂತಿದ್ದ.

ಮನೆ ಬಾಗಿಲಲ್ಲೇ ಮಗಳು ಕಾಯುತ್ತಿದ್ದಳು. "ಏನೂ ತೊಂದರೆ ಆಗಲಿಲ್ಲ ತಾನೇ?" ಎಂದಳು. ಮೊಮ್ಮಗ ಚಪ್ಪಲಿ ಬಿಡುತ್ತಾ, "ಮುಂದಿನ ವಾರ ನೀನೂ ಬಾಮ್ಮಾ, ನಾನೇ ದಾರಿ ತೋರಿಸ್ತೀನಿ" ಎಂದ.