ಹಳ್ಳ ಚಿಂಚಲಿಯಾಗ, ನ್ಯಾಯ ಚೆನ್ನೈನಾಗ



ಚಿಂಚಲಿಯ ಹಳ್ಳದ ದಂಡಿಗೆ ನಮ್ಮಪ್ಪಂದು ಒಂದೂವರೆ ಎಕರೆ ಹೊಲ. ಕಾರ್ಖಾನೆಯೊಂದರ ಹೊಲಸು ನೀರು ಹಳ್ಳಕ್ಕಿಳಿದು ಬಾಂವಿ ಕೆಟ್ಟಿತು. 1974ರ ಜಲ ಕಾಯ್ದೆ ಪ್ರಕಾರ ಇದು ನಿಷಿದ್ಧ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿ ಪರಿಹಾರನೂ ಐತಿ, 5 ವರ್ಷದೊಳಗ ಕೇಳಬೇಕು. ಆದರೆ ಎಲ್ಲಿ ಕೇಳೋದು? ನಮಗ ಹತ್ತಿರ ಪುಣೆ ಪೀಠ. ಕರ್ನಾಟಕದವರು ಹೋಗಬೇಕಾದ್ದು ಚೆನ್ನೈಗೆ. ಕಲಾಪ ಇಂಗ್ಲಿಷಿನಾಗ.

ಅರ್ಜಿ ಬರೆದಿಟ್ಟೀನಿ. ಅಪ್ಪ ಸಹಿ ಹಾಕವಲ್ಲ. "ತಮ್ಮಾ, ನಾಳೆ ಕಬ್ಬು ಅವರಿಗೇ ಕೊಡಬೇಕಲ್ಲೋ" ಅಂತಾನ.

1927ರಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಕೆರೆ ನೀರಿನ ಹಕ್ಕಿಗೆ ನಿಂತರು. ಇವತ್ತು ನಮ್ಮದೇ ಬಾಂವಿ ನೀರು ನಾವು ಕುಡಿಯಂಗಿಲ್ಲ. ಹಸಿರು ಪೀಠ ಬೆಳಗಾವಿಗೆ ಬರಲಿ, ಕನ್ನಡದಾಗ ಕೇಳಲಿ. ಅಪ್ಪನ ಜೋಡಿ ಹತ್ತು ಮಂದಿ ಸಹಿ ಹಾಕಿದರ ಅಂಜಿಕೆ ಹೋಗತೈತಿ. ಯಾರ‍್ಯಾರು ಬರತೀರಿ?