ಅಮ್ಮನ ಒತ್ತಕ್ಷರ

ಅಮ್ಮನನ್ನು ಕುರಿತು ಬರೆದ ಲೇಖನವನ್ನು ಕುಣಿಗಲಿನ ತಂಗಿಗೆ ಕಳುಹಿಸಿದ್ದೆ. "ಅಣ್ಣಾ, ಇದೇನು, ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು?" ಎಂದಳು. ನಾನು ಬೆರಳಚ್ಚು ಮಾಡಿದ್ದು 'ನುಡಿ'ಯ ಹಳೆಯ ಫಾಂಟಿನಲ್ಲಿ. ಅದು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ವೇಷ ತೊಡಿಸುವಂಥದು. ಆ ಫಾಂಟಿಲ್ಲದ ಗಣಕದಲ್ಲಿ ವೇಷ ಕಳಚುತ್ತದೆ.

ಗುಬ್ಬಿಯಲ್ಲಿ ನನ್ನ ಬಳಿ ಓದಿ, ಈಗ ಜಾಲತಾಣಗಳನ್ನು ರೂಪಿಸುವ ಶಿಷ್ಯನೊಬ್ಬ ತುಮಕೂರಿನ ಮನೆಗೆ ಬಂದು ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಟ್ಟ. ಆದರೆ ಪುಟ ತೆರೆದಾಗ ಶೀರ್ಷಿಕೆಯ ಎತ್ತರ ಸಾಲದೆ ಒತ್ತು ಕತ್ತರಿಸಿಹೋಗಿ 'ಅಮ್ಮ' ಬರಿಯ 'ಅಮ' ಆಗಿದ್ದಳು! ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ ನಮ್ಮ ಒತ್ತಕ್ಷರಗಳಿಗೆ ಎಟುಕೀತೆ?

ಅವನು ಬ್ರೌಸರಿನೊಳಗೇ ಇರುವ 'ಇನ್‌ಸ್ಪೆಕ್ಟ್' ಎಂಬ ಸಾಧನವನ್ನು ತೆರೆದು, 'ಲೈನ್ ಹೈಟ್' ಅನ್ನು 1.8ಕ್ಕೆ ಏರಿಸಿದ. ಒತ್ತು ಇಳಿದು ಬಂತು. "ಸಾರ್, ಇದು ಪರೀಕ್ಷೆಗಷ್ಟೇ, ಸಿಎಸ್‌ಎಸ್ ಕಡತದಲ್ಲಿ ಬರೆಯದಿದ್ದರೆ ಉಳಿಯುವುದಿಲ್ಲ" ಎಂದ. ಈ ವಿದ್ಯೆಯನ್ನು ಅವನು ಕಲಿತದ್ದು ಮೊಜಿಲ್ಲಾದ ಎಂಡಿಎನ್ ಪುಟಗಳಲ್ಲಿ, ಕಾಸು ಕೊಡದೆ. ಮುಕ್ತ ಫಾಂಟುಗಳಲ್ಲಿ 'ಗುಬ್ಬಿ' ಎಂಬುದೊಂದಿದೆಯೆಂದೂ ತೋರಿಸಿದ. ನಮ್ಮೂರಿನ ಹೆಸರೆಂದು ಬೀಗಿದೆ. 'ನವಿಲು' ಎಂಬುದೂ ಇದೆಯೆಂದು ತಿಳಿದಾಗ ಸುಮ್ಮನಾದೆ.

ರಾತ್ರಿ ತಂಗಿ ದೂರವಾಣಿಯಲ್ಲಿ ಲೇಖನವನ್ನು ಓದತೊಡಗಿದಳು. ಎರಡನೆಯ ಪ್ಯಾರಾ ಮುಗಿಸಲು ಅವಳಿಂದಾಗಲಿಲ್ಲ.